ನೆರಳು ಕಾಣುವಷ್ಟು ಬೆಳಕು

ಡಿಸೆಂಬರ್ ತಿಂಗಳಲ್ಲಿ ನಮ್ಮ ಕಡೆ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಕೆಲಸ ಮುಗಿಸಿ ಮನೆ ಸೇರಿ, ಒಂದು ಲೋಟ ಕಾಫಿ ಕುಡಿದು, ಸೈಕಲ್ಲಿನ ಚಕ್ರಗಳಿಗೆ ಗಾಳಿ ನೋಡಿ ಹೊರಡುವಷ್ಟರಲ್ಲಿ ಏಳೂವರೆಯಾಗಿರುತ್ತದೆ. ಹಾಗಾಗಿ ವಾರದ ದಿನಗಳಲ್ಲಿ ಮಣ್ಣುದಾರಿಯ ಸವಾರಿ ಬೇಕೆಂದರೆ ಬೆಳಗಿನ ಜಾವದ ಕತ್ತಲನ್ನೋ ರಾತ್ರಿಯ ಕತ್ತಲನ್ನೋ ಒಪ್ಪಿಕೊಳ್ಳಲೇಬೇಕು. ನಾನು ರಾತ್ರಿಯನ್ನು ಆರಿಸಿಕೊಂಡು ಐದು ವರ್ಷಗಳಾದವು. ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯದ ಕಡೆಗೆ ಹೋಗುವ ರಸ್ತೆಯ ಆಚೀಚೆ ಕವಲೊಡೆಯುವ ಗಾಡಿಜಾಡುಗಳು, ನೀಲಗಿರಿ ತೋಪುಗಳ ನಡುವಿನ ಕಾಲುದಾರಿಗಳು, ಕೆರೆಯ ಏರಿಗಳು, ದ್ರಾಕ್ಷಿ ತೋಟದ ಬೇಲಿಯಂಚು, ಇವೇ ನನ್ನ ಟ್ರೇಲುಗಳು. ಹೆದ್ದಾರಿಯ ಅಂಚಿನಲ್ಲಿ ಲಾರಿಗಳ ಗಾಳಿಗೆ ತೊನೆಯುತ್ತ ಹೋಗುವುದಕ್ಕಿಂತ ಈ ದಾರಿಗಳು ಎಷ್ಟೋ ವಾಸಿ. ಇಲ್ಲಿ ಬೀಳುವವನು ತನ್ನ ತಪ್ಪಿಗೆ ಬೀಳುತ್ತಾನೆ, ಬೇರೆಯವರ ಆತುರಕ್ಕಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನಾನು ಹೇಳುತ್ತಿರುವುದು ಊರಂಚಿನ ದಾರಿಗಳ ವಿಷಯ, ಕಾಡಿನದಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ತುರ್ತು ವಾಹನಗಳನ್ನೂ ಕೆಲವು ಬಸ್ಸುಗಳನ್ನೂ ಬಿಟ್ಟು, ಸಂಚಾರವನ್ನು ನಿಲ್ಲಿಸಿರುವುದು ರಾತ್ರಿಯ ಕಾಡು ಪ್ರಾಣಿಗಳದ್ದು ಎಂಬ ಕಾರಣಕ್ಕೆ. ಆ ನ್ಯಾಯ ಸೈಕಲ್ಲಿಗೂ ಸಲ್ಲುತ್ತದೆ. ಎಷ್ಟೇ ಒಳ್ಳೆಯ ಲೈಟಿದ್ದರೂ ಅರಣ್ಯ ಇಲಾಖೆಯ ಗೇಟು ದಾಟಿ ಕತ್ತಲಲ್ಲಿ ನುಗ್ಗಬಾರದು.

ನಾನು ಕೊಂಡ ಮೊದಲ ಲೈಟಿನ ಡಬ್ಬಿಯ ಮೇಲೆ 10,000 ಲ್ಯುಮೆನ್ ಎಂದು ಬರೆದಿತ್ತು. ದೀಪವೊಂದು ಒಟ್ಟು ಎಷ್ಟು ಬೆಳಕು ಚೆಲ್ಲುತ್ತದೆ ಎಂಬುದರ ಅಳತೆಯೇ ಲ್ಯುಮೆನ್. ಆನ್‌ಲೈನಿನಲ್ಲಿ ಸಾವಿರದ ಚಿಲ್ಲರೆ ರೂಪಾಯಿಗೆ ಸಿಕ್ಕಿತು. ಮೂರು ಕಣ್ಣಿನ ದೀಪ, ತಂತಿಯಿಂದ ಜೋಡಿಸುವ ಬ್ಯಾಟರಿ ಚೀಲ, ತಲೆಗೆ ಕಟ್ಟುವ ಪಟ್ಟಿ, ಎಲ್ಲವೂ ಇದ್ದವು. ಮನೆಯ ಮುಂದಿನ ಬೀದಿಯಲ್ಲಿ ಹಚ್ಚಿ ನೋಡಿದಾಗ ಎದುರು ಗೋಡೆಯೆಲ್ಲ ಬೆಳ್ಳಗಾಗಿ ನನಗೆ ತುಂಬ ಸಂತೋಷವಾಗಿತ್ತು. ಎರಡನೆಯ ವಾರ ತೋಪಿನ ಇಳಿಜಾರಿನಲ್ಲಿ, ಮಳೆನೀರು ಕೊರೆದ ಕೊರಕಲೊಂದನ್ನು ದಾಟುವಾಗ ಚಕ್ರ ಕುಲುಕಿದ ಕ್ಷಣಕ್ಕೆ ಬ್ಯಾಟರಿಯ ಸಂಪರ್ಕ ತಪ್ಪಿ ದೀಪ ಆರಿಹೋಯಿತು. ಬೆಳಕಿನಲ್ಲಿ ಕಿರಿದಾಗಿದ್ದ ಕಣ್ಣುಪಾಪೆಗೆ ಆ ಕತ್ತಲು ಗೋಡೆಯಂತೆ ಅಪ್ಪಳಿಸಿತು. ನಾನು ನೀಲಗಿರಿಯ ಕೂಳೆಯೊಂದರ ಮೇಲೆ ಬಿದ್ದೆ. ಮೊಣಕೈಗೆ ಹೊಲಿಗೆ ಬಿತ್ತು, ಹೆಗಲು ಒಂದು ತಿಂಗಳು ನೋಯಿತು.

ಗಾಯ ಮಾಯುವ ತನಕ ಮನೆಯಲ್ಲಿ ಕೂತು ಆ ಬ್ಯಾಟರಿ ಚೀಲವನ್ನು ಬಿಚ್ಚಿ ನೋಡಿದೆ. ಒಳಗೆ 18650 ಎಂದು ಕರೆಯುವ ನಾಲ್ಕು ಲಿಥಿಯಂ ಸೆಲ್ಲುಗಳಿದ್ದವು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂಬುದೇ ಆ ಹೆಸರಿನ ಅರ್ಥ. ಪ್ರತಿಯೊಂದರ ಮೇಲೂ 9,900 ಎಂಎಎಚ್ ಎಂದು ಮುದ್ರಿಸಿತ್ತು, ಸೆಲ್ಲು ಎಷ್ಟು ವಿದ್ಯುತ್ತು ಹಿಡಿಯುತ್ತದೆ ಎಂಬುದರ ಅಳತೆ ಅದು. ಪ್ರಪಂಚದ ಅತಿ ಒಳ್ಳೆಯ ಕಾರ್ಖಾನೆಗಳು ಮಾಡುವ ಈ ಅಳತೆಯ ಸೆಲ್ಲಿನಲ್ಲಿ ಹಿಡಿಯುವುದೇ ಸುಮಾರು 3,500. ಬೀದಿ ಕೊನೆಯ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ತೂಗಿಸಿದೆ. ಒಳ್ಳೆಯ 18650 ಸೆಲ್ಲು 45 ಗ್ರಾಂ ಆಸುಪಾಸು ತೂಗಬೇಕು, ಇವು ತಲಾ 28 ಗ್ರಾಂ ತೂಗಿದವು. ಒಳಗೆ ಸರಕೇ ಇರಲಿಲ್ಲ.

ಲ್ಯುಮೆನ್ನಿನ ಸುಳ್ಳನ್ನು ಹಿಡಿಯುವುದು ಇನ್ನೂ ಸುಲಭ, ಅದಕ್ಕೆ ತಕ್ಕಡಿಯೂ ಬೇಡ. ಮನೆಯಲ್ಲಿ ಉರಿಯುವ 9 ವ್ಯಾಟಿನ ಎಲ್‌ಇಡಿ ಬಲ್ಬಿನ ಡಬ್ಬಿಯನ್ನು ನೋಡಿದರೆ ಸುಮಾರು 900 ಲ್ಯುಮೆನ್ ಎಂದಿರುತ್ತದೆ, ಅಂದರೆ ವ್ಯಾಟಿಗೆ ನೂರರ ಲೆಕ್ಕ. ಆ ಲೆಕ್ಕದಲ್ಲಿ 10,000 ಲ್ಯುಮೆನ್‌ಗೆ 100 ವ್ಯಾಟ್ ಬೇಕು. ಅಂಗೈಯಲ್ಲಿ ಹಿಡಿಸುವ ಲೋಹದ ತುಂಡು 100 ವ್ಯಾಟಿನ ಶಾಖವನ್ನು ತಾಳಿಕೊಂಡು ಹೊತ್ತುಗಟ್ಟಲೆ ಉರಿಯಲಾರದು. ತಾಳಿಕೊಂಡಿತೆಂದೇ ಇಟ್ಟುಕೊಳ್ಳೋಣ; 2,500 ಎಂಎಎಚ್‌ನ ನಾಲ್ಕು ಅಸಲಿ ಸೆಲ್ಲುಗಳಲ್ಲಿ ಇರುವ ಶಕ್ತಿ ಸುಮಾರು 37 ವ್ಯಾಟ್-ಗಂಟೆ, ಅದು 22 ನಿಮಿಷಕ್ಕೆ ಖಾಲಿ. ಸ್ನೇಹಿತನ ಬಳಿಯಿದ್ದ ನಂಬಿಕಸ್ಥ ತಯಾರಕರ 600 ಲ್ಯುಮೆನ್ ಟಾರ್ಚನ್ನೂ ನನ್ನ ದೀಪವನ್ನೂ ಕತ್ತಲೆ ಕೋಣೆಯಲ್ಲಿ ಒಂದಾದಮೇಲೊಂದು ತಾರಸಿಗೆ ತಿರುಗಿಸಿ, ಮೊಬೈಲನ್ನು ನೆಲದ ಒಂದೇ ಜಾಗದಲ್ಲಿಟ್ಟು ಬೆಳಕು ಅಳೆಯುವ ಆ್ಯಪಿನಲ್ಲಿ ನೋಡಿದಾಗ ಎರಡೂ ಹೆಚ್ಚುಕಡಿಮೆ ಸಮವೆಂದು ತೋರಿತು. ಅದನ್ನು 600 ಲ್ಯುಮೆನ್ ಎಂದೇ ಬರೆದು ಮಾರಿದ್ದರೆ ನಾನು ಅದೇ ದುಡ್ಡು ಕೊಟ್ಟು ಕೊಳ್ಳುತ್ತಿದ್ದೆ. 600 ಲ್ಯುಮೆನ್ ಏನೂ ಕಡಿಮೆಯಲ್ಲ.

ಎಷ್ಟು ಬೆಳಕು ಸಾಕು ಎಂಬುದನ್ನು ವೇಗ ನಿರ್ಧರಿಸುತ್ತದೆ. ನಮ್ಮ ತೋಪಿನ ದಾರಿಗಳಲ್ಲಿ ರಾತ್ರಿ ಗಂಟೆಗೆ 20 ಕಿಲೋಮೀಟರ್ ವೇಗವೆಂದರೆ ಚೆನ್ನಾಗಿಯೇ ಓಡಿಸಿದಂತೆ. ಆ ವೇಗದಲ್ಲಿ ಸೈಕಲ್ಲು ಸೆಕೆಂಡಿಗೆ ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಏನೋ ಕಂಡು, ಅದು ಏನೆಂದು ತಿಳಿದು, ಬೆರಳು ಬ್ರೇಕನ್ನು ಹಿಡಿಯಲು ಒಂದರಿಂದ ಒಂದೂವರೆ ಸೆಕೆಂಡು ಬೇಕು. ಸಡಿಲ ಮಣ್ಣಿನಲ್ಲಿ ಚಕ್ರ ಜಾರದಂತೆ ನಿಲ್ಲಲು ಮತ್ತೆ ಐದಾರು ಮೀಟರ್. ಒಟ್ಟು ಹದಿನಾಲ್ಕು ಹದಿನೈದು ಮೀಟರ್ ಮುಂದಿನದು ಸ್ಪಷ್ಟವಾಗಿ ಕಂಡರೆ ಜೀವಕ್ಕೆ ಭಯವಿಲ್ಲ. ಅಷ್ಟಕ್ಕೆ ಹ್ಯಾಂಡಲ್ಲಿನ ಮೇಲೆ ಪ್ರಾಮಾಣಿಕವಾದ 500 ಲ್ಯುಮೆನ್ ಇದ್ದರೆ ಧಾರಾಳವಾಯಿತು. ದೂರ ಎರಡರಷ್ಟಾದರೆ ಎದುರಿಗಿರುವ ವಸ್ತುವಿನ ಮೇಲೆ ಬೀಳುವ ಬೆಳಕು ನಾಲ್ಕನೆಯ ಒಂದು ಪಾಲಾಗುವುದರಿಂದ, 30 ಮೀಟರ್ ದೂರವನ್ನೂ ಅಷ್ಟೇ ಸ್ಪಷ್ಟವಾಗಿ ಕಾಣುವ ಆಸೆಗೆ ಬಿದ್ದವನು ನಾಲ್ಕರಷ್ಟು ಬೆಳಕನ್ನೂ, ಅದಕ್ಕೆ ತಕ್ಕ ಬ್ಯಾಟರಿಯನ್ನೂ, ಅದಕ್ಕೆ ತಕ್ಕ ದುಡ್ಡನ್ನೂ ತರಬೇಕಾಗುತ್ತದೆ. ವೇಗವನ್ನು ತುಸು ಇಳಿಸುವುದೇ ಅಗ್ಗ.

ಆದರೆ ಬೆಳಕಿನ ಪ್ರಮಾಣಕ್ಕಿಂತ ದೊಡ್ಡ ವಿಷಯವೊಂದು ನನಗೆ ತಿಳಿದದ್ದು ರೈತರೊಬ್ಬರಿಂದ. ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಕರೆಂಟು ಬರುವ ದಿನಗಳಲ್ಲಿ ನಮ್ಮ ಕಡೆ ಹೊತ್ತಲ್ಲದ ಹೊತ್ತಿನಲ್ಲಿ ಪಂಪ್‌ಸೆಟ್ ಹಾಕಲು ಹೊಲಕ್ಕೆ ಹೋಗುವವರು ಸಿಗುತ್ತಾರೆ. ಒಂದು ರಾತ್ರಿ ಬದುವಿನ ಮೇಲೆ ಎದುರಾದ ಅವರ ಹಣೆಯಲ್ಲಿ ಸಂತೆಯಲ್ಲಿ ಮಾರುವ ಪಟ್ಟಿ ಟಾರ್ಚಿರಲಿಲ್ಲ. ಅದನ್ನು ಬಿಚ್ಚಿ ಕೈಯಲ್ಲಿ, ಮೊಣಕಾಲಿಗಿಂತ ಕೆಳಗೆ, ನೆಲಕ್ಕೆ ಸವರುವಂತೆ ಹಿಡಿದಿದ್ದರು. ತಲೆಗೇ ಕಟ್ಟಿಕೊಳ್ಳಬಹುದಲ್ಲ, ಕೈ ಖಾಲಿ ಇರುತ್ತದೆ ಎಂದೆ. "ತಲೆ ಮೇಲಿದ್ರೆ ಎಲ್ಲಾ ಚಪ್ಪಟೆ ಕಾಣ್ತದೆ ಸ್ವಾಮಿ. ಕೆಳಗಿದ್ರೆ ಕಡ್ಡಿಗೂ ನೆರಳು ಬೀಳ್ತದೆ, ಹಾವಿಗೂ ನೆರಳು ಬೀಳ್ತದೆ" ಎಂದರು. ನಾನು ಸೈಕಲ್ ನಿಲ್ಲಿಸಿ ಅವರ ಕೈಯಿಂದ ಟಾರ್ಚು ಈಸಿಕೊಂಡು ನೋಡಿದೆ. ಹಣೆಯ ಹತ್ತಿರ ಹಿಡಿದಾಗ ಬದುವು ಹಾಸಿದ ಕಾಗದದಂತೆ ಸಮವಾಗಿ ಕಂಡಿತು. ಪಾದದ ಹತ್ತಿರಕ್ಕೆ ಇಳಿಸಿದ ಕೂಡಲೇ ಪ್ರತಿ ಹೆಂಟೆ, ಪ್ರತಿ ಗರಿಕೆ, ಎತ್ತಿನ ಗೊರಸಿನ ಪ್ರತಿ ಗುರುತು ಎದ್ದು ನಿಂತವು.

ಆ ರಾತ್ರಿ ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಹತ್ತು ಮೀಟರ್ ಮುಂದೆ ದಾರಿಯಲ್ಲಿ ಐದು ಸೆಂಟಿಮೀಟರ್ ಎತ್ತರದ ಕಲ್ಲೊಂದಿದೆ ಎನ್ನೋಣ. ನೆಲದಿಂದ ಒಂದು ಮೀಟರ್ ಎತ್ತರದ ಹ್ಯಾಂಡಲ್ ಲೈಟಿನ ಬೆಳಕಿಗೆ ಆ ಕಲ್ಲಿನ ಹಿಂದೆ ಅರ್ಧ ಮೀಟರಿಗಿಂತ ತುಸು ಉದ್ದದ ನೆರಳು ಬೀಳುತ್ತದೆ. ಸವಾರನ ಕಣ್ಣು ಇನ್ನೂ ಮೇಲೆ, ಸುಮಾರು 1.6 ಮೀಟರ್ ಎತ್ತರದಲ್ಲಿರುವುದರಿಂದ ಆ ನೆರಳಿನ ಒಂದಡಿಯಷ್ಟು ಮಾತ್ರ ಕಲ್ಲಿನ ಹಿಂದೆ ಮರೆಯಾಗಿ, ಉಳಿದ ಒಂದು ಗೇಣು ಕಪ್ಪಗೆ ಕಣ್ಣಿಗೆ ಬೀಳುತ್ತದೆ. ಅದೇ ದೀಪವನ್ನು ಹೆಲ್ಮೆಟ್ಟಿನ ಮೇಲೆ ಕಟ್ಟಿದರೆ ಅದು ಕಣ್ಣಿಗಿಂತಲೂ ಮೇಲಿರುತ್ತದೆ. ನೆರಳು ಕುಗ್ಗಿ, ಕಲ್ಲಿನ ಹಿಂದೆಯೇ ಪೂರ್ತಿ ಅಡಗಿಬಿಡುತ್ತದೆ. ರಾತ್ರಿಯಲ್ಲಿ ನಮಗೆ ಕಲ್ಲಿನ ಸುಳಿವು ಕೊಡುವುದು ಆ ಒಂದು ಗೇಣು ಕಪ್ಪು. ಕೆಂಪುಮಣ್ಣಿನ ಮೇಲೆ ಕೆಂಪುಧೂಳು ಮೆತ್ತಿಕೊಂಡ ಕಲ್ಲಿಗೆ ತನ್ನದೇ ಬಣ್ಣವೆಂಬುದು ಇರುವುದಿಲ್ಲ.

ಹಾಗಾದರೆ ಹೆಲ್ಮೆಟ್ಟಿಗೆ ದೀಪವೇ ಬೇಡವೇ? ಬೇಕು, ಆದರೆ ಬೇರೆ ಕೆಲಸಕ್ಕೆ. ಹ್ಯಾಂಡಲ್ ಲೈಟು ಚಕ್ರ ಎತ್ತ ತಿರುಗಿದೆಯೋ ಅತ್ತ ಮಾತ್ರ ನೋಡುತ್ತದೆ, ಸವಾರ ನೋಡಬೇಕಾದದ್ದು ಮುಂದೆ ಎತ್ತ ತಿರುಗಬೇಕೋ ಅತ್ತ. ಬಿಗಿ ತಿರುವಿನ ಒಳಗೆ ಇಣುಕಲು, ಮುಖಕ್ಕೆ ಬಡಿಯುವ ಲಂಟಾನದ ರೆಂಬೆಯನ್ನು ಮೊದಲೇ ಕಾಣಲು, ಪಂಕ್ಚರ್ ಹಾಕುವಾಗ ಕೈ ಬೆಳಗಲು ಹೆಲ್ಮೆಟ್ ದೀಪವೇ ಬೇಕು. ಹ್ಯಾಂಡಲ್ ಲೈಟಿನ ನೆರಳಿನಲ್ಲಿ ಎಲ್ಲ ಗುಂಡಿಗಳೂ ಪಾತಾಳದಂತೆ ಕಪ್ಪಾಗಿ ಕಾಣುತ್ತವೆ; ಯಾವುದು ಬೆರಳುದ್ದದ ಗುಂಡಿ, ಯಾವುದು ಮೊಣಕಾಲುದ್ದದ್ದು ಎಂದು ತಿಳಿಯಲು ಮೇಲಿನಿಂದ ತೆಳುವಾಗಿ ಸುರಿಯುವ ಇನ್ನೊಂದು ಬೆಳಕು ಬೇಕಾಗುತ್ತದೆ. ತೆಳುವಾಗಿ ಎಂಬುದು ಮುಖ್ಯ. ಹೆಲ್ಮೆಟ್ಟಿನ ಬೆಳಕು ಹ್ಯಾಂಡಲ್ಲಿನ ಬೆಳಕಿನ ಅರ್ಧಕ್ಕಿಂತ ಹೆಚ್ಚಾದರೆ ಅದು ನೆರಳುಗಳನ್ನೆಲ್ಲ ತೊಳೆದುಹಾಕುತ್ತದೆ. ನನ್ನ ಅನುಭವದಲ್ಲಿ ಕೆಳಗೆ 500, ಮೇಲೆ 200 ಲ್ಯುಮೆನ್ ಹದವಾದ ಜೋಡಿ. ಒಂದೇ ದೊಡ್ಡ ಲೈಟಿಗೆ ಆರು ಸಾವಿರ ಸುರಿಯುವುದಕ್ಕಿಂತ ಎರಡು ಸಣ್ಣವನ್ನು ಮೂರು ಸಾವಿರದೊಳಗೆ ಹೊಂದಿಸುವುದು ಕಾಣ್ಕೆಗೂ ಒಳ್ಳೆಯದು, ಜೇಬಿಗೂ ಒಳ್ಳೆಯದು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಒಂದು ಆರಿದರೆ ಇನ್ನೊಂದು ಇರುತ್ತದೆ ಎಂಬ ಧೈರ್ಯ ಬೇರೆ.

ಬೆಳಕಿನ ಆಕಾರವನ್ನೂ ನೋಡಬೇಕು. ಕನ್ನಡಿಯಂತೆ ನುಣುಪಾದ ಬಟ್ಟಲಿನ ಟಾರ್ಚು ನಡುವೆ ಒಂದು ತೀಕ್ಷ್ಣ ಚುಕ್ಕೆಯನ್ನೂ ಸುತ್ತ ಮಸುಕನ್ನೂ ಕೊಡುತ್ತದೆ. ಆ ಚುಕ್ಕೆ ಎಷ್ಟು ಪ್ರಖರವೋ ಅದರ ಅಂಚಿನಾಚೆ ಕಣ್ಣು ಅಷ್ಟು ಕುರುಡು. ಕಿತ್ತಳೆ ಸಿಪ್ಪೆಯಂತೆ ಸಣ್ಣ ಉಬ್ಬುತಗ್ಗುಗಳಿರುವ ಬಟ್ಟಲಾದರೆ ಬೆಳಕು ಹದವಾಗಿ ಹರಡುತ್ತದೆ. ಮುಂದಕ್ಕೆ ಹಿಂದಕ್ಕೆ ಎಳೆದು ಜೂಮ್ ಮಾಡುವ ಟಾರ್ಚುಗಳು ಟ್ರೇಲಿಗೆ ಪ್ರಯೋಜನವಿಲ್ಲ, ಪೂರ್ತಿ ಎಳೆದಾಗ ಅವು ನೆಲದ ಮೇಲೆ ಒಂದು ಚೌಕವನ್ನಷ್ಟೇ ಮೂಡಿಸುತ್ತವೆ. ಜರ್ಮನಿಯ ರಸ್ತೆ ನಿಯಮಕ್ಕೆ ತಕ್ಕಂತೆ ಮಾಡಿದ, ಮೇಲ್ಭಾಗದ ಬೆಳಕನ್ನು ಗೆರೆ ಎಳೆದಂತೆ ಕತ್ತರಿಸುವ ಲೈಟುಗಳು ಡಾಂಬರು ರಸ್ತೆಗೆ ಶ್ರೇಷ್ಠ, ಎದುರು ಬರುವವರ ಕಣ್ಣಿಗೆ ಚುಚ್ಚುವುದಿಲ್ಲ. ಆದರೆ ತೋಪಿನಲ್ಲಿ ಎದೆಮಟ್ಟದ ಕೊಂಬೆ ಆ ಗೆರೆಯ ಮೇಲಿನ ಕತ್ತಲಲ್ಲೇ ಉಳಿದುಬಿಡುತ್ತದೆ. ನನ್ನ ಹ್ಯಾಂಡಲ್ ಟಾರ್ಚಿನ ಚುಕ್ಕೆ ತೀಕ್ಷ್ಣವಾಗಿದ್ದುದರಿಂದ ಅದರ ಗಾಜಿನ ಮೇಲೆ ಹಾಲುಬಣ್ಣದ ಅಂಟುಪಟ್ಟಿಯನ್ನು ಒಂದು ಪದರ ಅಂಟಿಸಿದೆ. ಹತ್ತು ರೂಪಾಯಿಯ ಆ ಪಟ್ಟಿ ಎರಡು ಸಾವಿರದ ಟಾರ್ಚನ್ನು ಟ್ರೇಲ್ ಲೈಟನ್ನಾಗಿ ಮಾಡಿತು.

ಬಣ್ಣದ ವಿಷಯದಲ್ಲಿ ನಮ್ಮ ನೆಲಕ್ಕೆ ಒಂದು ವಿಶೇಷವಿದೆ. ಅಗ್ಗದ ಲೈಟುಗಳ ಬೆಳಕು ನೀಲಿಗೆ ತಿರುಗಿದ ಬಿಳುಪು. ಬೆಳಕಿನ ಬಣ್ಣವನ್ನು ಹೇಳುವ ಕೆಲ್ವಿನ್ ಲೆಕ್ಕದಲ್ಲಿ ಡಬ್ಬಿಯ ಮೇಲೆ 6500 ಕೆ ಎಂದಿರುತ್ತದೆ. ನೀಲಿ ಎಲ್‌ಇಡಿಯ ಮೇಲೆ ಫಾಸ್ಫರ್ ಎಂಬ, ಹಳದಿ ಬೆಳಕು ಬೀರುವ ಪುಡಿಯ ಲೇಪ ಕೊಟ್ಟು ಬಿಳಿ ಬೆಳಕನ್ನು ಪಡೆಯುವುದೇ ಈ ದೀಪಗಳ ಗುಟ್ಟು. ಆ ನೀಲಿ ದೀಪವನ್ನು ಸಾಧಿಸಿದ ಮೂವರಿಗೆ, ಅಕಾಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ, 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಲೇಪ ತೆಳುವಾದಷ್ಟೂ ಬೆಳಕಿನಲ್ಲಿ ಕೆಂಪಿನ ಅಂಶ ಕಡಿಮೆ. ಕೆಂಪಿಲ್ಲದ ಬೆಳಕಿನಲ್ಲಿ ಕೆಂಪುಮಣ್ಣು ಬೂದಿಯಂತೆ ಕಾಣುತ್ತದೆ. ಒದ್ದೆ ಮಣ್ಣು, ಒಣ ಮಣ್ಣು, ಬೇರು, ತರಗೆಲೆ ಎಲ್ಲವೂ ಒಂದೇ ಬಣ್ಣ. 4000ದಿಂದ 5000 ಕೆ ಒಳಗಿನ ಬೆಳಕಿನಲ್ಲಿ ಲ್ಯುಮೆನ್ ಒಂದಿಷ್ಟು ಕಡಿಮೆಯಾದರೂ ಮಣ್ಣು ಮಣ್ಣಾಗಿ, ಬೇರು ಬೇರಾಗಿ ಕಾಣುತ್ತವೆ. ಒಂದೇ ಬೆಲೆಗೆ ಎರಡೂ ಸಿಗುವುದಾದರೆ ನಾನು ಕಣ್ಣು ಮುಚ್ಚಿ ಎರಡನೆಯದನ್ನು ತೆಗೆದುಕೊಳ್ಳುತ್ತೇನೆ.

ಬ್ಯಾಟರಿಗೆ ಕೊಡುವ ದುಡ್ಡಿನಲ್ಲಿ ಮಾತ್ರ ಕೈ ಬಿಗಿಹಿಡಿಯಬೇಡಿ. ಮಲೆನಾಡಿನಲ್ಲಿ ಟಾರ್ಚನ್ನೇ ಬ್ಯಾಟರಿ ಎಂದು ಕರೆಯುತ್ತಾರೆ, ಆ ಮಾತು ಸರಿಯಾದದ್ದೇ. ಒಳಗೇ ಕೂಡಿಸಿದ ಬ್ಯಾಟರಿಯ ಲೈಟು ನೋಡಲು ಚೆಂದ, ಆದರೆ ಎರಡು ಮೂರು ವರ್ಷಕ್ಕೆ ಬ್ಯಾಟರಿ ಸೊರಗಿದಾಗ ಲೈಟೇ ಕಸವಾಗುತ್ತದೆ. ಸೆಲ್ಲನ್ನು ತೆಗೆದು ಹಾಕಲು ಬರುವ ಟಾರ್ಚಾದರೆ ಹೊಸ ಸೆಲ್ಲು ಹಾಕಿದರಾಯಿತು. ಒಂದು ಹೆಚ್ಚಿನ ಸೆಲ್ಲು ಜೇಬಿನಲ್ಲಿದ್ದರೆ ಸವಾರಿಯ ನಡುವೆಯೂ ಬದಲಿಸಬಹುದು. ಹೆಸರುವಾಸಿ ತಯಾರಕರ, ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ಲನ್ನೇ ಕೊಳ್ಳಬೇಕು. 4.2 ವೋಲ್ಟಿಗೆ ತಾನಾಗಿ ನಿಲ್ಲಿಸುವ ಚಾರ್ಜರಿನಲ್ಲೇ, ಎಚ್ಚರವಿರುವ ಹೊತ್ತಿನಲ್ಲೇ ಚಾರ್ಜು ಮಾಡಬೇಕು. ಹಾಸಿಗೆಯ ಮೇಲೆ, ರಾತ್ರಿಯಿಡೀ, ಮಕ್ಕಳು ಮಲಗುವ ಕೋಣೆಯಲ್ಲಿ ಲಿಥಿಯಂ ಸೆಲ್ಲನ್ನು ಚಾರ್ಜಿಗೆ ಹಾಕಿ ಮಲಗುವವರನ್ನು ಕಂಡರೆ ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ಲನ್ನು ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ ಇಡುವುದು ಅದರ ಆಯಸ್ಸಿಗೆ ಒಳ್ಳೆಯದು.

ಡಬ್ಬಿಯ ಮೇಲಿನ "ಮೂರು ಗಂಟೆ" ಎಂಬ ಮಾತನ್ನೂ ಬಿಡಿಸಿ ಓದಬೇಕು. ಟಾರ್ಚುಗಳ ಎಫ್‌ಎಲ್1 ಎಂಬ ಮಾನದಂಡದಲ್ಲಿ ಬೆಳಕು ಮೊದಲಿನ ಶೇಕಡಾ 10ಕ್ಕೆ ಇಳಿಯುವವರೆಗಿನ ಹೊತ್ತನ್ನೆಲ್ಲ ಉರಿಯುವ ಅವಧಿಯೆಂದು ಎಣಿಸುತ್ತಾರೆ. ಮೊದಲ ಹತ್ತು ನಿಮಿಷ 600, ಆಮೇಲೆ ಬಿಸಿಯಾಗಿ 250ಕ್ಕೆ ಇಳಿದ ಟಾರ್ಚು ಕೂಡ ಆ ಲೆಕ್ಕದಲ್ಲಿ ಮೂರು ಗಂಟೆಯದೇ. ಸೈಕಲ್ಲಿನ ಮೇಲೆ ಗಾಳಿ ಬೀಸುವುದರಿಂದ ಲೈಟು ಮನೆಯಲ್ಲಿಗಿಂತ ತಂಪಾಗಿರುತ್ತದೆ, ಆದ್ದರಿಂದ ಹೊಸದು ತಂದ ಮೇಲೆ ಗೊತ್ತಿರುವ ದಾರಿಯಲ್ಲೇ ಎರಡು ಗಂಟೆ ಉರಿಸಿ ನೋಡುವುದು ನನ್ನ ಪದ್ಧತಿ. ಕಡಿಮೆ ಬೆಳಕಿನ ಹಂತದಲ್ಲಿ ಕೆಲವು ಅಗ್ಗದ ಲೈಟುಗಳು ಕಣ್ಣಿಗೆ ಗೊತ್ತಾಗದಂತೆ ಮಿಣುಕುತ್ತವೆ. ಅಂಗಡಿಯಲ್ಲೇ ಅದರ ಮುಂದೆ ಬೆರಳುಗಳನ್ನು ಬೇಗ ಬೇಗ ಬೀಸಿ ನೋಡಿ. ಒಂದು ಬೆರಳು ನಾಲ್ಕಾರು ಬೆರಳಾಗಿ ಕಂಡರೆ ಅದನ್ನು ಬಿಟ್ಟುಬಿಡಿ. ಟ್ರೇಲಿನಲ್ಲಿ ಮುಂಚಕ್ರದ ಸುತ್ತ ಅದೇ ಮಿಣುಕು ಕಂಡು ತಲೆನೋವು ಬರುತ್ತದೆ.

ಲೈಟನ್ನು ಹ್ಯಾಂಡಲ್ಲಿಗೆ ಹಿಡಿಸುವ ಕ್ಲಾಂಪಿನ ವಿಷಯ ಎರಡೇ ಮಾತು. ಪ್ಲಾಸ್ಟಿಕ್ ಕ್ಲಾಂಪು ಗಾಡಿಜಾಡಿನಲ್ಲಿ ಕಿಲೋಮೀಟರಿಗೊಮ್ಮೆ ತಲೆ ತಗ್ಗಿಸುತ್ತದೆ. ಹಳೆಯ ಟ್ಯೂಬಿನ ತುಂಡನ್ನು ಹ್ಯಾಂಡಲ್ಲಿಗೆ ಸುತ್ತಿ ಅದರ ಮೇಲೆ ಕ್ಲಾಂಪನ್ನು ಬಿಗಿದರೆ ಜರುಗುವುದಿಲ್ಲ. ನೀರಿನಿಂದ ರಕ್ಷಣೆಗೆ ಐಪಿಎಕ್ಸ್4 ಎಂದಿದ್ದರೆ ಮಳೆಗೆ ಸಾಕು.

ಊರೊಳಗೆ ಬಂದಾಗ ಹೆಲ್ಮೆಟ್ ದೀಪವನ್ನು ಆರಿಸುತ್ತೇನೆ, ಏಕೆಂದರೆ ಮಾತಾಡಿಸಲು ತಲೆ ಎತ್ತಿದ ಕೂಡಲೇ ಅದು ಎದುರಿನವರ ಕಣ್ಣಿಗೇ ಬೀಳುತ್ತದೆ, ಮತ್ತು ಕತ್ತಲಿಗೆ ಪೂರ್ತಿ ಒಗ್ಗಿದ ಕಣ್ಣು ಹಾಗೆ ಒಮ್ಮೆ ಬೆದರಿದರೆ ಮತ್ತೆ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕಾಗುತ್ತದೆ. ಬೆಳಗಿನ ಮಂಜಿನಲ್ಲೂ ಅದನ್ನು ಆರಿಸಬೇಕು. ಕಣ್ಣಿನ ಪಕ್ಕದಿಂದ ಹೊರಟ ಬೆಳಕು ಮಂಜಿನ ಹನಿಗಳಿಗೆ ಬಡಿದು ನೇರ ಕಣ್ಣಿಗೇ ಮರಳಿ, ಮುಂದೆ ಬಿಳಿ ಪರದೆ ಕಟ್ಟಿದಂತಾಗುತ್ತದೆ. ಇದೇ ಗುಣದಿಂದ ಹೆಲ್ಮೆಟ್ ದೀಪ ನನಗೆ ಕೊಟ್ಟ ಒಂದು ಸುಖವೂ ಇದೆ. ಏರಿಯ ಮೇಲೆ ನಿಂತು ಹುಲ್ಲಿನತ್ತ ತಿರುಗಿದರೆ ಹಸಿರು ಮಿಶ್ರಿತ ಬಿಳುಪಿನ ನೂರಾರು ಕಿಡಿಗಳು ಹೊಳೆಯುತ್ತವೆ. ಇಬ್ಬನಿಯೆಂದು ತಿಳಿದು ಬಗ್ಗಿ ನೋಡಿದರೆ ಒಂದೊಂದು ಕಿಡಿಯೂ ನೆಲದ ಮೇಲೆ ಓಡಾಡುವ ಜೇಡದ ಕಣ್ಣು. ಬೆಳಕು ಬಂದ ದಾರಿಯಲ್ಲೇ ಹಿಂದಿರುಗುವುದರಿಂದ ದೀಪ ಕಣ್ಣಿನ ಹತ್ತಿರವಿದ್ದವರಿಗೆ ಮಾತ್ರ ಅವು ಕಾಣುತ್ತವೆ. ಹ್ಯಾಂಡಲ್ ಲೈಟಿನಲ್ಲಿ ಅಷ್ಟೂ ಕಣ್ಣುಗಳು ಹುಲ್ಲಿನಲ್ಲೇ ಅಡಗಿರುತ್ತವೆ.

ಹೋದ ತಿಂಗಳು ತೋಪಿನ ಆಚೆ ಬದಿಯಲ್ಲಿ ನನ್ನ ಹ್ಯಾಂಡಲ್ ಟಾರ್ಚಿನ ಸ್ವಿಚ್ಚು ಕೆಟ್ಟುಹೋಯಿತು. ಮನೆ ಆರು ಕಿಲೋಮೀಟರ್ ದೂರವಿತ್ತು. ಮೇಲಿನ ದೀಪವೊಂದರಲ್ಲೇ ಅರ್ಧ ಕಿಲೋಮೀಟರ್ ಬಂದೆ. ದಾರಿ ಬಣ್ಣ ಬಳಿದ ಗೋಡೆಯಂತೆ ಸಪಾಟಾಗಿ ಕಾಣುತ್ತಿತ್ತು, ಎರಡು ಬಾರಿ ಮುಂಚಕ್ರ ಕೊರಕಲಿಗೆ ಇಳಿಯಿತು. ಸೈಕಲ್ ನಿಲ್ಲಿಸಿ, ಹೆಲ್ಮೆಟ್ಟಿನ ದೀಪವನ್ನು ಬಿಚ್ಚಿ, ಟ್ಯೂಬಿನ ಪಟ್ಟಿಯಿಂದ ಹ್ಯಾಂಡಲ್ಲಿಗಿಂತಲೂ ಕೆಳಗೆ, ಮುಂಚಕ್ರದ ಫೋರ್ಕಿನ ಮೇಲ್ಭಾಗಕ್ಕೆ ಬಿಗಿದು ಕಟ್ಟಿದೆ. 200 ಲ್ಯುಮೆನ್ನಿನ ಆ ಸಣ್ಣ ಬೆಳಕಿನಲ್ಲಿ ದಾರಿಯ ಕಲ್ಲುಗಳೆಲ್ಲ ತಮ್ಮ ತಮ್ಮ ನೆರಳು ಚಾಚಿಕೊಂಡು ಮತ್ತೆ ಕಾಣಿಸಿಕೊಂಡವು. ನಿಧಾನವಾಗಿ ತುಳಿಯುತ್ತ, ಎಲ್ಲಿಯೂ ಕಾಲೂರದೆ, ಮುಕ್ಕಾಲು ಗಂಟೆಯಲ್ಲಿ ಮನೆಯ ಬೀದಿಗೆ ಬಂದೆ.